ನರಗುಂದ ಹೇಳಿಕೊಂಡ ಕಥೆ, ಹೇಳದೆ ಉಳಿದ ಕಥೆ

1980ರ ಜುಲೈ 21, ಸೋಮವಾರ. ನರಗುಂದದ ಅಂಗಡಿಗಳು ಬಾಗಿಲು ತೆರೆಯಲಿಲ್ಲ. ಮಲಪ್ರಭಾ ಅಚ್ಚುಕಟ್ಟಿನ ರೈತರು ಬಂದ್‌ಗೆ ಕರೆ ಕೊಟ್ಟಿದ್ದರು. ಸುತ್ತಲಿನ ಹಳ್ಳಿಗಳಿಂದ ಬಂದ ಸಾವಿರಾರು ಜನ ತಹಶೀಲ್ದಾರ್ ಕಚೇರಿಯ ಕಡೆ ನಡೆದರು. ಕಚೇರಿಯ ಬಾಗಿಲಿಗೆ ಸತ್ಯಾಗ್ರಹಿಗಳು ಅಡ್ಡ ಮಲಗಿದ್ದರು. ಮಲಗಿದ್ದವರನ್ನು ತುಳಿದು ದಾಟಿ ಒಳಗೆ ಹೋಗುವ ಪ್ರಯತ್ನ ನಡೆಯಿತೆಂಬುದು ರೈತರ ಕಥನದಲ್ಲಿ ತಪ್ಪದೆ ಬರುವ ವಿವರ. ಕಲ್ಲು ತೂರಿಬಂದವು, ಲಾಠಿ ಬೀಸಿದವು, ಕೊನೆಗೆ ಬಂದೂಕು ಸಿಡಿಯಿತು. ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಗುಂಡಿಗೆ ಬಲಿಯಾದರು. ರೊಚ್ಚಿಗೆದ್ದ ಗುಂಪಿನ ಕೈಯಲ್ಲಿ ಪೊಲೀಸ್ ಸಿಬ್ಬಂದಿಯೂ ಜೀವ ಕಳೆದುಕೊಂಡರು. ನೆರೆಯ ನವಲಗುಂದ ತಾಲ್ಲೂಕಿನಲ್ಲಿ ಬಸಪ್ಪ ಲಕ್ಕುಂದಿ ಎಂಬ ರೈತ ಪೊಲೀಸರ ಗುಂಡಿಗೆ ತೀರಿಕೊಂಡರು.

ಆ ಸಿಟ್ಟು ಒಂದು ದಿನದ್ದಾಗಿರಲಿಲ್ಲ. ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ, 1970ರ ದಶಕದಲ್ಲಿ ಬಲದಂಡೆ ಕಾಲುವೆಯಿಂದ ನರಗುಂದ, ನವಲಗುಂದ, ರೋಣದ ಎರೆಭೂಮಿಗೆ ನೀರು ಹರಿಸಲು ಶುರುಮಾಡಿದಾಗ ಬಿಳಿಜೋಳದ ಸೀಮೆಯ ಜನ ಕನಸು ಕಂಡಿದ್ದರು. ಧಾರವಾಡದಲ್ಲಿ ಬಿ.ಎಚ್. ಕಟರಕಿಯವರು ರೂಪಿಸಿದ ವರಲಕ್ಷ್ಮಿ ಹತ್ತಿ ಆ ಕನಸಿಗೆ ಬಣ್ಣ ಹಚ್ಚಿತು. ಸಾಲ ಎತ್ತಿ ಬೀಜ, ಗೊಬ್ಬರ, ಎಣ್ಣೆ ತಂದರು. ದಶಕದ ಕೊನೆಗೆ ಹತ್ತಿಯ ದರ ನೆಲ ಕಚ್ಚಿತು. ಅದೇ ಹೊತ್ತಿಗೆ ನೀರಿನ ಕರ, ಭೂಮಿಯ ಬೆಲೆ ಏರಿತೆಂದು ಹಾಕುವ ಅಭಿವೃದ್ಧಿ ಕರ ಬೆನ್ನು ಹತ್ತಿದವು. ಕಾಲುವೆಯ ತುದಿಯ ಹೊಲಗಳಿಗೆ ನೀರೇ ಬಂದಿರಲಿಲ್ಲ, ಬಾಕಿಯ ನೋಟಿಸು ಮಾತ್ರ ಬಂತು. ನೀರು ನಿಂತು ಜವಳು ಹಿಡಿದ ಹೊಲಗಳದ್ದು ಇನ್ನೊಂದು ಗೋಳು. ಮಲಪ್ರಭಾ ನೀರಾವರಿ ಪ್ರದೇಶ ರೈತ ಸಮನ್ವಯ ಸಮಿತಿ ಹುಟ್ಟಿದ್ದು ಹೀಗೆ. ಮನವಿ, ಮೆರವಣಿಗೆ, ಸರದಿ ಉಪವಾಸ ಎಲ್ಲ ಮುಗಿದ ಮೇಲೆಯೇ ಜುಲೈ 21 ಬಂದದ್ದು.

ಮುಂದಿನ ರಾಜಕೀಯ ಎಲ್ಲರಿಗೂ ಗೊತ್ತು. ಗುಂಡೂರಾವ್ ಸರ್ಕಾರ ಕರ ವಸೂಲಿಯಿಂದ ಹಿಂದೆ ಸರಿಯಿತು. ಚಳವಳಿ ರಾಜ್ಯದ ತುಂಬ ಹಬ್ಬಿ ಇನ್ನೂ ಹಲವು ಕಡೆ ಗೋಲಿಬಾರ್ ಆಯಿತು. ಅದೇ ವರ್ಷ ರುದ್ರಪ್ಪ, ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಅವರ ಮುಂದಾಳ್ತನದಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ಮೈದಾಳಿತು. 1983ರ ಚುನಾವಣೆಯಲ್ಲಿ ಕಾಂಗ್ರೆಸ್ ಮೊದಲ ಬಾರಿಗೆ ಕರ್ನಾಟಕದ ಗದ್ದುಗೆ ಬಿಟ್ಟಿಳಿಯಿತು. ನರಗುಂದ ಬಂಡಾಯದ ಮೇಲೆ ಬಂದ ಪುಸ್ತಕಗಳು, ಪ್ರಬಂಧಗಳು ಬಹುಮಟ್ಟಿಗೆ ಈ ದಾರಿಯಲ್ಲೇ ನಡೆದಿವೆ: ಕಾರಣ, ಸಂಘಟನೆ, ಪರಿಣಾಮ. ಗುಂಡಿನ ಸದ್ದು ಕೇಳಿ ಓಡಿದವರು, ಮಗನನ್ನು ಹುಡುಕುತ್ತ ರಾತ್ರಿಯೆಲ್ಲ ಅಲೆದವರು, ಪೊಲೀಸರು ಬರುತ್ತಾರೆಂದು ವಾರಗಟ್ಟಲೆ ಹೊಲದಲ್ಲೇ ಮಲಗಿದವರು ತಮ್ಮ ಮನಸ್ಸನ್ನು ಹೇಗೆ ಸಂಭಾಳಿಸಿಕೊಂಡರು ಎಂಬ ಪ್ರಶ್ನೆ ಇತಿಹಾಸಕಾರರ ಮೇಜಿಗೆ ಬರುವುದು ಅಪರೂಪ.

ಕಾಕತಾಳೀಯವೆಂಬಂತೆ, ಆ ಪ್ರಶ್ನೆಗೆ ವೈದ್ಯಶಾಸ್ತ್ರ ಅಧಿಕೃತ ಹೆಸರೊಂದನ್ನು ಕೊಟ್ಟಿದ್ದೂ 1980ರಲ್ಲೇ. ಅಮೆರಿಕದ ಮನೋವೈದ್ಯರ ಸಂಘ ಆ ವರ್ಷ ಹೊರತಂದ ರೋಗನಿರ್ಣಯ ಕೈಪಿಡಿಯ ಮೂರನೇ ಆವೃತ್ತಿಯಲ್ಲಿ ಪೋಸ್ಟ್ ಟ್ರಾಮ್ಯಾಟಿಕ್ ಸ್ಟ್ರೆಸ್ ಡಿಸಾರ್ಡರ್ ಮೊದಲ ಸಲ ಸೇರಿತು. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಹೋರಾಟ ಅದರ ಹಿಂದೆ ಇತ್ತು. ಭೀಕರ ಘಟನೆಯನ್ನು ಕಂಡವರು ವರ್ಷಗಳಾದ ಮೇಲೂ ಬೆಚ್ಚಿಬೀಳುವುದು, ನಿದ್ದೆಗೆಡುವುದು, ಆ ಜಾಗದ ಹತ್ತಿರವೂ ಸುಳಿಯದಿರುವುದು ಹೇಡಿತನವಲ್ಲ, ಮೈಮನಸ್ಸು ಉಳಿಸಿಕೊಂಡ ಗಾಯ ಎಂದು ಆಗ ಒಪ್ಪಿಕೊಂಡಂತಾಯಿತು.

ಆದರೆ 1980ರಲ್ಲಿ ಗೋಲಿಬಾರ್ ಕಂಡ ಊರಿಗೆ ಆಪ್ತಸಮಾಲೋಚಕರನ್ನು ಕಳುಹಿಸುವ ರೂಢಿ ನಮ್ಮ ದೇಶದಲ್ಲಿ ಇರಲಿಲ್ಲ. ನರಗುಂದಕ್ಕೆ ಹತ್ತಿರದ ದೊಡ್ಡ ಮಾನಸಿಕ ಆಸ್ಪತ್ರೆ ಧಾರವಾಡದ್ದು. ಬ್ರಿಟಿಷರ ಕಾಲದ ಆ ಆಸ್ಪತ್ರೆಯ ಹೆಸರು ಹೇಳಿದರೆ ಈ ಸೀಮೆಯ ಜನ ಮುಖ ತಿರುಗಿಸುತ್ತಿದ್ದರು. ಬೆಂಗಳೂರಿನ ನಿಮ್ಹಾನ್ಸ್ 1974ರಲ್ಲಿ ಈಗಿನ ರೂಪ ಪಡೆದಿತ್ತು. 1981ರ ಫೆಬ್ರವರಿಯಲ್ಲಿ ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು ಹಲವಾರು ಮಕ್ಕಳು ಸತ್ತಾಗ ನಿಮ್ಹಾನ್ಸ್ ತಂಡ ಆ ಕುಟುಂಬಗಳ ದುಃಖವನ್ನು ಅಧ್ಯಯನ ಮಾಡಿತು. ದುರಂತಕ್ಕೆ ಸಿಕ್ಕವರ ಮನಸ್ಸಿನ ಮೇಲೆ ದೇಶದಲ್ಲಿ ನಡೆದ ಮೊದಮೊದಲ ಅಧ್ಯಯನಗಳಲ್ಲಿ ಅದೂ ಒಂದು. 1984ರ ಭೋಪಾಲ್ ಅನಿಲ ದುರಂತದ ನಂತರ ಆರ್. ಶ್ರೀನಿವಾಸಮೂರ್ತಿ ಮತ್ತು ಸಂಗಡಿಗರು ಅಲ್ಲಿನ ವೈದ್ಯರಿಗೆ ತರಬೇತಿ ಕೊಟ್ಟರು. ಮುಂದೆ ಲಾತೂರ್, ಒಡಿಶಾ, ಗುಜರಾತ್, ಸುನಾಮಿ ಹೀಗೆ ಆ ಕೆಲಸ ಬೆಳೆಯಿತು. ಇವೆಲ್ಲ ನರಗುಂದದ ನಂತರದ ಮಾತು.

ಹಾಗಾದರೆ ನರಗುಂದ ಏನು ಮಾಡಿತು? ಕಲ್ಲು ನಿಲ್ಲಿಸಿತು.

ವೀರಪ್ಪ ಕಡ್ಲಿಕೊಪ್ಪರ ನೆನಪಿಗೆ ನಿಲ್ಲಿಸಿದ ಆ ಕಲ್ಲನ್ನು ಜನ ಸ್ಮಾರಕ ಎನ್ನುವುದಕ್ಕಿಂತ ವೀರಗಲ್ಲು ಎಂದೇ ಕರೆಯುತ್ತಾರೆ. ಪ್ರತಿ ವರ್ಷ ಜುಲೈ 21ಕ್ಕೆ ರೈತ ಹುತಾತ್ಮ ದಿನ. ಹೆಗಲಿಗೆ ಹಸಿರು ಶಾಲು ಹಾಕಿದ ರೈತರು ಬೇರೆ ಬೇರೆ ಜಿಲ್ಲೆಗಳಿಂದ ಬರುತ್ತಾರೆ, ಮಾಲೆ ಹಾಕುತ್ತಾರೆ, ಘೋಷಣೆ ಕೂಗುತ್ತಾರೆ, ಅಂದು ನಡೆದದ್ದನ್ನು ಮತ್ತೆ ಹೇಳುತ್ತಾರೆ. ಆಗ ಹುಟ್ಟಿರದ ಹುಡುಗರೂ ಅದನ್ನು ತಾವೇ ಕಂಡಂತೆ ವಿವರಿಸುತ್ತಾರೆ.

ರೋಣ, ಸೂಡಿ, ಲಕ್ಕುಂದಿಗಳ ಈ ನೆಲದಲ್ಲಿ ಹಳೆಯ ವೀರಗಲ್ಲುಗಳಿಗೆ ಕೊರತೆಯಿಲ್ಲ. ಊರಬಾಗಿಲಲ್ಲಿ, ಗುಡಿಯ ಹಿಂದೆ, ಹೊಲದ ಬದುವಿನಲ್ಲಿ ಅರ್ಧ ಹೂತು ನಿಂತಿರುತ್ತವೆ. ಸಾಮಾನ್ಯವಾಗಿ ಅವಕ್ಕೆ ಮೂರು ಅಂಕಣ. ಕೆಳಗಿನದರಲ್ಲಿ ವೀರ ಬಿಲ್ಲೋ ಕತ್ತಿಯೋ ಹಿಡಿದು ದನಗಳ್ಳರ ಮೇಲೆ ಏರಿಹೋಗುತ್ತಾನೆ. ನಡುವಿನದರಲ್ಲಿ ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆ ಕೂತಿರುತ್ತಾನೆ. ಗಮನವಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಇಂಥ ಕಲ್ಲಿನಲ್ಲಿ ಸತ್ತು ಬಿದ್ದ ದೇಹಕ್ಕಿಂತ ಅವನು ಏನು ಮಾಡಿದ, ಯಾರಿಗಾಗಿ ಮಾಡಿದ ಎಂಬುದಕ್ಕೇ ಹೆಚ್ಚು ಜಾಗ. ಶಿಲ್ಪಿ ಸಾವನ್ನು ಮುಚ್ಚಿಡುವುದಿಲ್ಲ. ಆದರೆ ಸಾವೊಂದೇ ಆ ಮನುಷ್ಯನ ಕಥೆಯಾಗಲು ಬಿಡುವುದಿಲ್ಲ.

ಈ ಮಾತನ್ನು ಇಲ್ಲಿ ಒತ್ತಿ ಹೇಳಲು ಕಾರಣವಿದೆ. ಆಸ್ಟ್ರೇಲಿಯಾದ ಅಡಿಲೇಡ್ ಎಂಬ ಊರಲ್ಲಿ ಮೈಕೆಲ್ ವೈಟ್ ಎಂಬ ಸಮಾಜ ಕಾರ್ಯಕರ್ತ, ನ್ಯೂಜಿಲೆಂಡಿನ ಡೇವಿಡ್ ಎಪ್ಸ್ಟನ್ ಜೊತೆ ಸೇರಿ 1980ರ ದಶಕದಲ್ಲಿ ರೂಪಿಸಿದ ಸಮಾಲೋಚನೆಯ ಕ್ರಮವನ್ನು ಇಂದು ಕಥನ ಚಿಕಿತ್ಸೆ ಎನ್ನುತ್ತಾರೆ. ಇಬ್ಬರೂ ಸೇರಿ ಬರೆದ ಮುಖ್ಯ ಪುಸ್ತಕ 1990ರಲ್ಲಿ ಬಂತು. ತೊಂದರೆ ಬೇರೆ, ತೊಂದರೆಗೆ ಸಿಕ್ಕ ಮನುಷ್ಯ ಬೇರೆ ಎಂಬುದು ಅವರ ಮೊದಲ ಪಾಠ. ಎರಡನೆಯದು ಇನ್ನೂ ದೊಡ್ಡದು. ಪೆಟ್ಟು ತಿಂದವರ ಬಾಯಲ್ಲಿ ಯಾವಾಗಲೂ ಎರಡು ಕಥೆಗಳಿರುತ್ತವೆ. ತಮಗೆ ಏನಾಯಿತು ಎಂಬುದು ಒಂದು. ಆಗ ತಾವು ಏನು ಮಾಡಿದೆವು, ಯಾವುದನ್ನು ಬಿಟ್ಟುಕೊಡಲಿಲ್ಲ, ಯಾರ ಕೈ ಹಿಡಿದೆವು ಎಂಬುದು ಇನ್ನೊಂದು. ಮೊದಲನೆಯದನ್ನು ಲೋಕವೇ ಕೇಳುತ್ತದೆ, ಬರೆದುಕೊಳ್ಳುತ್ತದೆ, ಪರಿಹಾರದ ಅರ್ಜಿಗೆ ಲಗತ್ತಿಸುತ್ತದೆ. ಎರಡನೆಯದು ತೆಳ್ಳಗಾಗಿ ಮರೆಯಾಗುತ್ತದೆ. ಅದನ್ನು ಕೇಳಿ ಕೇಳಿ ಹೊರತೆಗೆದು ದಪ್ಪಗೊಳಿಸುವುದೇ ಸಮಾಲೋಚಕನ ಕೆಲಸ ಎಂದರು ವೈಟ್. 1990ರ ದಶಕದಲ್ಲಿ ಬಂಧನದಲ್ಲಿ ತಮ್ಮವರನ್ನು ಕಳೆದುಕೊಂಡ ಆಸ್ಟ್ರೇಲಿಯಾದ ಮೂಲನಿವಾಸಿ ಕುಟುಂಬಗಳ ಜೊತೆ ಅವರ ತಂಡ ಹೀಗೆಯೇ ಕೂತು ಕೆಲಸ ಮಾಡಿತು. ಹೊರಗಿನಿಂದ ಬಂದವರು ಆ ಜನರ ರೀತಿರಿವಾಜು ಅರಿಯದೆ ಸಲಹೆ ಕೊಡಬಾರದು, ಸಭೆ ಹೇಗೆ ನಡೆಯಬೇಕೆಂಬುದನ್ನು ಅವರೇ ಹೇಳಬೇಕು ಎಂಬ ಪಾಠ ಅಲ್ಲಿ ಗಟ್ಟಿಯಾಯಿತು.

ನರಗುಂದದ ಕಲ್ಲು ನಿಂತಾಗ ಇಲ್ಲಿ ಯಾರೂ ವೈಟ್ ಹೆಸರು ಕೇಳಿರಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಊರಿಗೆ ಬಳುವಳಿಯಾಗಿ ಬಂದ ರೂಢಿಯೊಂದಿತ್ತು, ಅದನ್ನು ಕೈಗೆತ್ತಿಕೊಂಡಿತು.

ಆ ರೂಢಿಗೆ ಇದು ಮೊದಲ ಪರೀಕ್ಷೆಯೂ ಆಗಿರಲಿಲ್ಲ. 122 ವರ್ಷ ಹಿಂದೆ ಇದೇ ಊರು ಇನ್ನೂ ದೊಡ್ಡ ಪೆಟ್ಟು ತಿಂದಿತ್ತು. ನರಗುಂದ ಸಂಸ್ಥಾನದ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ದೊಡ್ಡ ಪುಸ್ತಕ ಭಂಡಾರ ಇಟ್ಟುಕೊಂಡಿದ್ದ ಓದುಗ ಅರಸ. ಮಗ ತೀರಿಕೊಂಡ ಮೇಲೆ ದತ್ತು ತೆಗೆದುಕೊಳ್ಳಲು ಕಂಪನಿ ಸರ್ಕಾರ ಒಪ್ಪಿಗೆ ಕೊಡಲಿಲ್ಲ. ಅದರ ಬೆನ್ನಿಗೆ ಆಯುಧ ಒಪ್ಪಿಸುವ ಆಜ್ಞೆ ಬಂತು. 1858ರ ಮೇ ತಿಂಗಳಲ್ಲಿ ಮುಂಡರಗಿಯ ಭೀಮರಾವ್ ಬಂಡೆದ್ದ ಸುದ್ದಿ ಹಬ್ಬಿದಾಗ ನರಗುಂದವೂ ಸಿಡಿಯಿತು. ಮೇ 29ರ ರಾತ್ರಿ ಸುರೇಬಾನದಲ್ಲಿ ಬೀಡುಬಿಟ್ಟಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಬಾಬಾಸಾಹೇಬನ ದಂಡು ಕೊಂದು, ತಲೆಯನ್ನು ನರಗುಂದದ ಅಗಸಿಗೆ ತೂಗುಹಾಕಿತು. ಜೂನ್ ಮೊದಲ ಎರಡು ದಿನಗಳಲ್ಲಿ ಕಂಪನಿಯ ಫೌಜು ಊರನ್ನೂ ಕೋಟೆಯನ್ನೂ ಹಿಡಿಯಿತು. ತಪ್ಪಿಸಿಕೊಂಡ ಬಾಬಾಸಾಹೇಬ ತೋರಗಲ್ಲಿನ ಕಾಡಿನಲ್ಲಿ ಪೊಲೀಸ್ ಅಧಿಕಾರಿ ಸೌಟರ್‌ಗೆ ಸಿಕ್ಕಿಬಿದ್ದ. ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಾಯಿತು. ಬಂಡಾಯದಿಂದ ಗಲ್ಲಿನವರೆಗೆ ಎಲ್ಲವೂ ಸುಮಾರು ಎರಡು ವಾರದಲ್ಲಿ ಮುಗಿದಿತ್ತು.

ಅವನ ತಾಯಿ ಮತ್ತು ಹೆಂಡತಿ ಮಲಪ್ರಭೆಗೆ ಹಾರಿ ಪ್ರಾಣ ಬಿಟ್ಟರು. ಬ್ರಿಟಿಷರ ಗೆಜೆಟಿಯರ್ ಅರಸನ ಬಂಡಾಯವನ್ನು ದಿನ ದಿನವೂ ಬಿಡಿಸಿ ಬರೆದು, ಈ ಇಬ್ಬರಿಗೆ ಒಂದೆರಡು ಸಾಲು ಕೊಟ್ಟು ಮುಂದೆ ಹೋಗುತ್ತದೆ.

ಸರ್ಕಾರಿ ಕಾಗದದಲ್ಲಿ ಅದು ಒಬ್ಬ ಅಧಿಕಾರಿಯ ಕೊಲೆ, ಒಂದು ಸಂಸ್ಥಾನದ ಜಪ್ತಿ. ಜನ ಕಟ್ಟಿಕೊಂಡ ಕಥೆ ಬೇರೆ. ಡಪ್ಪು, ತುಂತುಣಿ ಹಿಡಿದ ಲಾವಣಿಕಾರರು, ಗೀಗೀ ಮೇಳದವರು ಈ ಸೀಮೆಯ ಬಂಡಾಯಗಳನ್ನು ಹಾಡಾಗಿಸಿ ಜಾತ್ರೆಯಿಂದ ಜಾತ್ರೆಗೆ ಒಯ್ದರು. ಸಂಗೊಳ್ಳಿ ರಾಯಣ್ಣನ ಹಾಡು, 1857ರ ನವೆಂಬರಿನಲ್ಲಿ ಸುಟ್ಟುಹೋದ ಹಲಗಲಿಯ ಬೇಡರ ಹಾಡು 1880ರ ದಶಕದಲ್ಲಿ ಜೆ.ಎಫ್. ಫ್ಲೀಟ್ ಕಿವಿಗೂ ಬಿದ್ದವು. ಶಾಸನ ಓದುವುದರಲ್ಲಿ ಹೆಸರಾದ ಆ ಇಂಗ್ಲಿಷ್ ಅಧಿಕಾರಿ ಅವನ್ನು ಬರೆಸಿಕೊಂಡು ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಅನುವಾದದೊಂದಿಗೆ ಅಚ್ಚು ಹಾಕಿಸಿದ. ಸೋತವರು ಸೋಲನ್ನು ಹೇಗೆ ಹೇಳಿಕೊಂಡರೆಂಬುದಕ್ಕೆ ಗೆದ್ದವರ ಕೈಯಲ್ಲೇ ದಾಖಲೆ ಉಳಿಯಿತು. ಲಾವಣಿಯಲ್ಲಿ ಊರು ಸುಡುತ್ತದೆ, ಹೆಂಗಸರು ಮಕ್ಕಳು ಸಾಯುತ್ತಾರೆ, ಒಂದನ್ನೂ ಮುಚ್ಚುವುದಿಲ್ಲ. ಆದರೆ ಆಯುಧ ಕೊಡೆವು ಎಂದವರ ಒಬ್ಬೊಬ್ಬರ ಹೆಸರೂ ಬರುತ್ತದೆ. ಮೂರು ತಲೆಮಾರಿನ ನಂತರ ಕೇಳುವ ಹುಡುಗನಿಗೆ ತನ್ನವರು ಬರೀ ಸತ್ತವರಾಗಿ ಕಾಣುವುದಿಲ್ಲ.

ಬಂಡಾಯದ ಬೆನ್ನಿಗೆ ಬಂದದ್ದು ಬರ. 1876ರಲ್ಲಿ ಶುರುವಾದ ಧಾತು ಬರದಲ್ಲಿ ಧಾರವಾಡ ಜಿಲ್ಲೆ ಎಷ್ಟು ನಲುಗಿತೆಂದರೆ 1872 ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಒಂದು ಲಕ್ಷ ಇಳಿಯಿತು. ನರಗುಂದ, ರೋಣ, ಗಜೇಂದ್ರಗಡ ಆಗ ಅದೇ ಜಿಲ್ಲೆಯೊಳಗಿದ್ದವು. ಇಷ್ಟು ಸಾವನ್ನು ಹೊತ್ತ ಊರುಗಳು ಅಳುವುದಕ್ಕೂ ಒಂದು ಕ್ರಮ ಮಾಡಿಕೊಂಡಿದ್ದವು. ಇಲ್ಲಿ ಸಾವಿನ ಮನೆಯಲ್ಲಿ ಹೆಂಗಸರು ಬರೀ ಅಳುವುದಿಲ್ಲ, ಹಾಡಿ ಅಳುತ್ತಾರೆ. ಹೆಣದ ಪಕ್ಕ ಕೂತ ಅಕ್ಕ ‘ಯಪ್ಪಾ, ನನ್ನ ತಮ್ಮಾ’ ಎಂದು ಎತ್ತಿಕೊಂಡರೆ, ಅವನು ಚಿಕ್ಕಂದಿನಲ್ಲಿ ಹೇಗಿದ್ದ, ಹಬ್ಬಕ್ಕೆ ಸೀರೆ ಹೇಗೆ ತಂದ, ಯಾವ ಹೊಲ ಹೇಗೆ ಹದ ಮಾಡಿದ, ಯಾರ ಮೇಲಿನ ಮುನಿಸು ತೀರದೆ ಉಳಿಯಿತು ಎಂಬುದೆಲ್ಲ ಆ ಅಳುವಿನೊಳಗೆ ಬರುತ್ತದೆ. ಪಕ್ಕದವಳು ಬಿಟ್ಟುಹೋದದ್ದನ್ನು ಸೇರಿಸುತ್ತಾಳೆ. ಎದುರಿಗೆ ಹೇಳಲಾಗದ ದೂರನ್ನೂ ಆ ಹೊತ್ತಿನಲ್ಲಿ ಹೇಳಬಹುದು, ಯಾರೂ ತಡೆಯುವಂತಿಲ್ಲ. ರಾತ್ರಿ ಗಂಡಸರ ಭಜನೆ ಬೆಳಗಿನವರೆಗೆ ನಡೆಯುತ್ತದೆ. ಸತ್ತವನ ಬದುಕನ್ನು ಹತ್ತಾರು ಬಾಯಿ ಸೇರಿ ಕಟ್ಟಿಕೊಡುವ ಈ ಕ್ರಮದಲ್ಲಿ ದುಃಖಪಟ್ಟವಳು ಒಂಟಿಯಾಗುವುದಿಲ್ಲ.

ಮೊಹರಂ ಬಂತೆಂದರೆ ಈ ಹಂಚಿಕೆ ಧರ್ಮದ ಗೆರೆಯನ್ನೂ ದಾಟುತ್ತದೆ. ಮುಸ್ಲಿಮರ ಮನೆಗಳು ಬೆರಳೆಣಿಕೆಯಷ್ಟಿರುವ ಹಳ್ಳಿಯಲ್ಲೂ ಅಲಾಯಿ ದೇವರು ಕೂಡುತ್ತಾರೆ. ಲಿಂಗಾಯತರು, ಕುರುಬರು, ವಾಲ್ಮೀಕಿಗಳು, ದಲಿತರು ಹರಕೆ ಹೊರುತ್ತಾರೆ, ಹೆಜ್ಜೆ ಹಾಕುತ್ತಾರೆ. ಕರ್ಬಲಾದಲ್ಲಿ ನೀರೂ ಸಿಗದೆ ಮಡಿದ ಹುಸೇನರ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತಾರೆ. ಹಾಡುವವನು ಹಿಂದೂ ಆಗಿರುವುದು ಇಲ್ಲಿ ಸುದ್ದಿಯೇ ಅಲ್ಲ. ರಹಮತ್ ತರೀಕೆರೆಯವರು ಕರ್ನಾಟಕದ ಮೊಹರಂ ಬಗ್ಗೆ ಬರೆದ ಪುಸ್ತಕ ಈ ಲೋಕವನ್ನು ವಿವರವಾಗಿ ತೆರೆದಿಟ್ಟಿದೆ. ಬರ ಕಂಡ ಎರೆಸೀಮೆಯ ಜನಕ್ಕೆ ನೀರಿಲ್ಲದ ಸಾವು ಪರದೇಶದ ಕಥೆ ಅನ್ನಿಸದಿದ್ದುದು ಸಹಜ. ಇನ್ನೊಬ್ಬರ ಸಾವಿನ ಕಥೆಯೊಳಗೆ ತಮ್ಮದನ್ನು ಇಟ್ಟು ಅತ್ತು ಹಗುರಾಗುವ ದಾರಿ ಅದು. ಬೇರೆ ಬೇರೆ ಸಂಸ್ಕೃತಿಯವರ ನಡುವೆ ಆಘಾತದ ಚಿಕಿತ್ಸೆ ಹೇಗೆ ಎಂದು ತಲೆ ಕೆಡಿಸಿಕೊಳ್ಳುವವರು ಒಂದು ಸಲ ಕತ್ತಲ ರಾತ್ರಿಯ ಅಲಾಯಿ ಕುಣಿಯ ಹತ್ತಿರ ನಿಂತು ನೋಡಬೇಕು.

ಹಾಗೆಂದು ಹಾಡು, ಕಲ್ಲು, ಜಾತ್ರೆ ಸಾಕು, ಆಸ್ಪತ್ರೆ ಬೇಡ ಎನ್ನುವುದು ಅನ್ಯಾಯವಾದೀತು. ನಿದ್ದೆಯಿಲ್ಲದೆ ತಿಂಗಳುಗಟ್ಟಲೆ ನರಳುವವರಿಗೆ, ಸಾಯಬೇಕೆನ್ನುವವರಿಗೆ ಔಷಧಿ, ವೈದ್ಯರು ಬೇಕೇ ಬೇಕು. ಮಾನಸಿಕ ಆರೋಗ್ಯ ಸೇವೆ ತಾಲ್ಲೂಕು ಮಟ್ಟಕ್ಕೆ ಇಳಿಯಲು ದಾರಿ ತೋರಿದ್ದು ನೆರೆಯ ಬಳ್ಳಾರಿಯೇ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಧಾರವಾಡದ ಹಳೆಯ ಆಸ್ಪತ್ರೆ ಇಂದು ಡಿಮ್ಹಾನ್ಸ್ ಎಂಬ ಬೋಧನಾ ಸಂಸ್ಥೆ. 2022ರ ಅಕ್ಟೋಬರಿನಿಂದ 14416ಕ್ಕೆ ಕರೆ ಮಾಡಿದರೆ ಟೆಲಿಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಎಚ್ಚರವೂ ಬೇಕು. ಕಥೆ ಹೇಳಿಸುವುದೆಂದರೆ ಗಾಯ ಕೆದಕುವುದಲ್ಲ. ದುರಂತ ನಡೆದ ತಕ್ಷಣ ಎಲ್ಲರನ್ನೂ ಕೂರಿಸಿ ಒಂದೇ ಬೈಠಕ್ಕಿನಲ್ಲಿ ಎಲ್ಲವನ್ನೂ ಹೇಳಿಸಿಬಿಟ್ಟರೆ ಮನಸ್ಸು ಹಗುರಾಗುತ್ತದೆ ಎಂಬ ನಂಬಿಕೆ ಪಶ್ಚಿಮದಲ್ಲಿ ಬಹುಕಾಲ ಇತ್ತು. 2000ದ ಹೊತ್ತಿಗೆ ಬಂದ ಸಂಶೋಧನೆಗಳ ಪರಾಮರ್ಶೆಗಳು ಅದರಿಂದ ಪ್ರಯೋಜನ ಕಾಣಲಿಲ್ಲ, ಕೆಲವರಿಗೆ ಕೆಡುಕೇ ಆಗಬಹುದೆಂದು ಎಚ್ಚರಿಸಿದವು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಮನಸ್ಸಿನ ಪ್ರಥಮ ಚಿಕಿತ್ಸೆಯ ಕೈಪಿಡಿ ಬೇರೆ ದಾರಿ ಹಿಡಿಯಿತು: ಮೊದಲು ಸುರಕ್ಷಿತ ಜಾಗ, ನೀರು, ಊಟ, ಮನೆಯವರ ಸುದ್ದಿ. ಮಾತು ಅವರಾಗಿ ಆಡಿದರೆ ಕೇಳು, ಒತ್ತಾಯ ಬೇಡ.

ರೋಣ ತಾಲ್ಲೂಕಿನ ಹೊಳೆದಂಡೆಯ ಊರುಗಳಿಗೆ ಇದರ ಅರ್ಥ ಚೆನ್ನಾಗಿ ಗೊತ್ತು. 2009ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕರ್ನಾಟಕದ ಮೇಲೆ ಸುರಿದ ಮಳೆಗೆ ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮಲಪ್ರಭೆ, ಬೆಣ್ಣೆಹಳ್ಳ ಎರಡೂ ಒಟ್ಟಿಗೆ ಉಕ್ಕಿ ಹೊಳೆಆಲೂರು, ಹೊಳೆಮಣ್ಣೂರು, ಮೆಣಸಗಿ, ಗಾಡಗೋಳಿಗಳಿಗೆ ನುಗ್ಗಿದವು. ಮಣ್ಣಿನ ಮೇಲ್ಮುದ್ದೆಯ ಮನೆಗಳು ಕರಗಿ ಕೂತವು. ಸರ್ಕಾರ ಎತ್ತರದ ಜಾಗದಲ್ಲಿ ನವಗ್ರಾಮ ಕಟ್ಟಿಸಿತು, ಹಲವರು ಹೋಗಲಿಲ್ಲ. ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ಅಣ್ಣತಮ್ಮಂದಿರು ಬೇರೆ ಬೇರೆ ಸಾಲಿನಲ್ಲಿ. ಖಾಲಿ ಮನೆಗಳ ಸುತ್ತ ಜಾಲಿ ಬೆಳೆಯಿತು. 2019ರ ಆಗಸ್ಟಿನಲ್ಲಿ ನವಿಲುತೀರ್ಥದಿಂದ ನೀರು ಬಿಟ್ಟಾಗ ಅದೇ ಊರುಗಳು, ನರಗುಂದ ತಾಲ್ಲೂಕಿನ ಕೊಣ್ಣೂರು, ಲಖಮಾಪುರಗಳು ಮತ್ತೆ ಮುಳುಗಿದವು.

ಮನೆ ಬಿದ್ದವರಿಗೆ ಎ, ಬಿ, ಸಿ ಎಂದು ವರ್ಗ ಮಾಡಿ ಪರಿಹಾರ ಕೊಡುವ ವ್ಯವಸ್ಥೆ ಬೇಕಾದದ್ದೇ. ಆದರೆ ಅದಕ್ಕೆ ಬೇಕಾದ ಕಥೆ ಒಂದೇ: ಏನೇನು ಹೋಯಿತು. ತಲಾಟಿ ಮುಂದೆ, ಇಂಜಿನಿಯರ್ ಮುಂದೆ, ಕ್ಯಾಮೆರಾ ಮುಂದೆ ಹೋದದ್ದನ್ನೇ ಎಣಿಸಿ ಎಣಿಸಿ ಹೇಳುವ ಕುಟುಂಬ ಕೊನೆಗೆ ತನ್ನನ್ನು ಹೋದದ್ದರ ಪಟ್ಟಿಯಾಗಿಯೇ ಕಾಣತೊಡಗುತ್ತದೆ. ನಡುರಾತ್ರಿ ದನದ ಹಗ್ಗ ಬಿಚ್ಚಿಬಿಟ್ಟವರು ಯಾರು, ಹಾಸಿಗೆ ಹಿಡಿದ ಅಜ್ಜಿಯನ್ನು ಬೆನ್ನ ಮೇಲೆ ಹೊತ್ತವರು ಯಾರು, ಬೇರೆ ಓಣಿಯ ಮಕ್ಕಳಿಗೆ ರೊಟ್ಟಿ ಬಡಿದವರು ಯಾರು ಎಂದು ಯಾವ ಅರ್ಜಿಯಲ್ಲೂ ಕಾಲಂ ಇಲ್ಲ. ಗಂಜಿಕೇಂದ್ರದಲ್ಲಿ ಆಶಾ ಕಾರ್ಯಕರ್ತೆ ಇಷ್ಟನ್ನು ಕೇಳಿ ಬರೆದುಕೊಂಡರೂ ಅದು ಕಥನ ಚಿಕಿತ್ಸೆಯ ಮೊದಲ ಮೆಟ್ಟಿಲಾಗುತ್ತದೆ.

ಗಜೇಂದ್ರಗಡದ ಕಡೆ ಗಾಯದ ರೂಪ ಬೇರೆ. 2018ರಲ್ಲಿ ರೋಣದಿಂದ ಬೇರೆಯಾದ ಈ ತಾಲ್ಲೂಕಿಗೆ ಕಾಲುವೆಯ ಭಾಗ್ಯ ಕಡಿಮೆ. ಗುಡ್ಡದ ಕೆಳಗಿನ ಪೇಟೆಯಲ್ಲಿ ಪಟ್ಟೇದಂಚಿನ ಸೀರೆ ನೇಯುವ ಕೈಮಗ್ಗಗಳು ಒಂದೊಂದಾಗಿ ನಿಂತವು. ಹಳ್ಳಿ, ತಾಂಡಾಗಳಿಂದ ಜನ ಗೋವಾ, ಮಂಗಳೂರು, ಉಡುಪಿಗೆ ದುಡಿಯಲು ಹೋಗುತ್ತಾರೆ. ಮಕ್ಕಳು ಅಜ್ಜ ಅಜ್ಜಿಯರ ಬಳಿ ಉಳಿಯುತ್ತಾರೆ. ಇಲ್ಲಿ ಗುಂಡು ಸಿಡಿದಿಲ್ಲ, ಹೊಳೆ ಉಕ್ಕಿಲ್ಲ, ಆದ್ದರಿಂದ ಇದನ್ನು ಯಾರೂ ಆಘಾತ ಎಂದು ಬರೆದುಕೊಳ್ಳುವುದಿಲ್ಲ. ಆಸ್ಪತ್ರೆಗೆ ಬಂದ ಲಂಬಾಣಿ ಹೆಣ್ಣುಮಗಳು ಕನ್ನಡದಲ್ಲಿ ‘ತಲಿ ನೋಯ್ತೈತ್ರಿ’ ಎಂದಷ್ಟೇ ಹೇಳುತ್ತಾಳೆ. ಮನೆಮಾತಾದ ಗೋರ್ ಬೋಲಿಯಲ್ಲಾದರೆ ಅವಳಿಗೆ ಇನ್ನೂ ಬೇಕಾದಷ್ಟು ಹೇಳಲು ಬರುತ್ತದೆ. ತವರು ಬಿಡುವ ಮದುಮಗಳು ಒಬ್ಬೊಬ್ಬರ ಕೊರಳು ತಬ್ಬಿ ಹಾಡಿ ಅಳುವ ಢಾವಲೋ ಎಂಬ ಪದ್ಧತಿಯನ್ನೇ ಕಟ್ಟಿಕೊಂಡ ಸಮುದಾಯ ಅದು. ಮುಂಬೈನ ಉಮ್ಮೀದ್‌ನಂಥ ಸಂಸ್ಥೆಗಳು ಭಾರತದಲ್ಲಿ ಕಥನ ಕ್ರಮದ ತರಬೇತಿ ಕೊಡುತ್ತಿವೆ. ತಾಂಡಾದ ಓದಿದ ಹುಡುಗಿಯರಿಗೆ ಅಂಥ ತರಬೇತಿ ದೊರೆತರೆ ಗೋರ್ ಬೋಲಿಯಲ್ಲೇ ಕೇಳುವ ಕಿವಿಗಳು ಈ ಆಸ್ಪತ್ರೆಗಳಲ್ಲಿ ಕೂರಬಹುದು.

ನರಗುಂದದ ಕಲ್ಲಿಗೆ ಮರಳಿ ಜೀವ ಬಂದದ್ದು 2015ರಲ್ಲಿ. ಮಹದಾಯಿಯಿಂದ ಮಲಪ್ರಭೆಗೆ ನೀರು ತಿರುಗಿಸುವ ಕಳಸಾ ಬಂಡೂರಿ ಯೋಜನೆಗಾಗಿ ಆ ಜುಲೈನಲ್ಲಿ ಶುರುವಾದ ಧರಣಿ ವರ್ಷಗಟ್ಟಲೆ ನಡೆಯಿತು. ಹಿರಿಯರು 1980ರ ಮಾತು ತೆಗೆದರು, ಕಿರಿಯರು ಹೆಗಲು ಕೊಟ್ಟರು. 2016ರ ಜುಲೈ 27ರಂದು ಮಹದಾಯಿ ಜಲವಿವಾದ ನ್ಯಾಯಮಂಡಳಿ ಕರ್ನಾಟಕದ 7.56 ಟಿಎಂಸಿ ನೀರಿನ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿದಾಗ ಆಕ್ರೋಶ ಬೀದಿಗಿಳಿಯಿತು. ಅದರ ಬೆನ್ನಲ್ಲೇ ನವಲಗುಂದ ತಾಲ್ಲೂಕಿನ ಯಮನೂರಿಗೆ ನುಗ್ಗಿದ ಪೊಲೀಸರು ಹೆಂಗಸರು ಮುದುಕರೆನ್ನದೆ ಹೊಡೆದದ್ದನ್ನು ಇಡೀ ರಾಜ್ಯ ಟಿವಿಯಲ್ಲಿ ಕಂಡಿತು. ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಚಾಂಗದೇವನ ಕ್ಷೇತ್ರ ಆ ಯಮನೂರು. ನ್ಯಾಯಮಂಡಳಿಯ 2018ರ ಆಗಸ್ಟ್ 14ರ ತೀರ್ಪಿನಲ್ಲಿ ಕರ್ನಾಟಕಕ್ಕೆ ಸಿಕ್ಕ ಒಟ್ಟು 13.42 ಟಿಎಂಸಿಯಲ್ಲಿ ಮಲಪ್ರಭೆಯ ಪಾಲು 3.9.

ಹಳೆಯ ಕಥೆ ಹೋರಾಟಕ್ಕೆ ಬಲ ಕೊಟ್ಟಿತೆಂಬುದರಲ್ಲಿ ಅನುಮಾನವಿಲ್ಲ. ಅದೇ ಕಥೆ ಗಟ್ಟಿಯಾಗುತ್ತ ಹೋದಂತೆ ಹಲವರನ್ನು ಹೊರಗೂ ಇಟ್ಟಿತು. ಜುಲೈ 21ರ ವೇದಿಕೆಯಲ್ಲಿ ಹುತಾತ್ಮನ ಹೆಸರು ಬರುತ್ತದೆ, ನಾಯಕರ ಹೆಸರು ಬರುತ್ತದೆ. ಗಂಡಸರು ಊರು ಬಿಟ್ಟು ಅಡಗಿದ್ದಾಗ ಬಿತ್ತನೆಯ ಹೊಲ, ಕೂಸು, ಕೋರ್ಟಿನ ಖರ್ಚು ಮೂರನ್ನೂ ತೂಗಿಸಿದ ಹೆಂಗಸರು ಮೈಕಿನ ಮುಂದೆ ಬರುವುದು ಕಡಿಮೆ. ಮಲಪ್ರಭೆಗೆ ಹಾರಿದ ಅತ್ತೆ ಸೊಸೆಗೆ ಗೆಜೆಟಿಯರ್ ಮಾಡಿದ್ದನ್ನೇ ನಾವು ಇವರಿಗೂ ಮಾಡುತ್ತಿದ್ದೇವೆ. ಹೊಲವಿಲ್ಲದ ಕೂಲಿಕಾರರೂ ಅಂದು ಆ ಊರಿನಲ್ಲಿದ್ದರು, ಕರದ ಜಗಳ ಅವರದಲ್ಲದಿದ್ದರೂ ಭಯ ಅವರ ಪಾಲಿಗೂ ಬಂತು.

ಸತ್ತ ಪೊಲೀಸರಿಗೂ ಮನೆಯಿತ್ತು. ಆ ಮನೆಗಳಲ್ಲಿ ಜುಲೈ 21 ಯಾವ ದಿನವಾಗಿ ಬರುತ್ತದೆ ಎಂದು ರೈತರ ಕಥನವೂ ಕೇಳಿಲ್ಲ, ಸರ್ಕಾರದ ಕಡತವೂ ಕೇಳಿಲ್ಲ. ರಕ್ತ ಹರಿದ ಎರಡೂ ಕಡೆಯವರನ್ನು ಒಂದೇ ಜಮಖಾನೆಯ ಮೇಲೆ ಕೂರಿಸುವ ಕೆಲಸ ಸುಲಭದ್ದಲ್ಲ, ಅವಸರದ್ದೂ ಅಲ್ಲ. ಮೊದಲು ಬೇರೆ ಬೇರೆಯಾಗಿಯೇ ಕೇಳಬೇಕು. ಕರ್ನಾಟಕ ವಿಶ್ವವಿದ್ಯಾಲಯದ ಜಾನಪದ, ಇತಿಹಾಸದ ವಿದ್ಯಾರ್ಥಿಗಳು, ಡಿಮ್ಹಾನ್ಸ್‌ನ ಸಮಾಲೋಚಕರು, ಊರಿನ ಲಾವಣಿಕಾರರು ಜೊತೆಯಾಗಿ ಕೈಹಾಕಬಹುದಾದ ಕೆಲಸವಿದು. ಅಂದು ಇಪ್ಪತ್ತರ ಹರೆಯದಲ್ಲಿ ತಹಶೀಲ್ದಾರ್ ಕಚೇರಿಯ ಮುಂದೆ ನಿಂತಿದ್ದವರಿಗೆ ಈಗ ಅರವತ್ತೈದು ದಾಟಿದೆ. ಅವರಿಗಿಂತ ಹಿರಿಯರಾಗಿದ್ದ ಸಾಕ್ಷಿಗಳು ವರ್ಷ ವರ್ಷವೂ ಕಡಿಮೆಯಾಗುತ್ತಿದ್ದಾರೆ.